ರಟ್ಟಿನ ಮಾವನ ನೈಜೀರಿಯಾ

ಮೊನ್ನೆ ಬೆಳಿಗ್ಗೆ ನಮ್ಮೂರು ಕೊಳ್ಳೇಗಾಲದ ಸ್ಟೇಷನರಿ ಅಂಗಡಿಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಅಂತ ನಕ್ಷೆ ಹಾಳೆ ತಗೊಂಡೆ. ಹಾಳೆ ಮಡಚಿಹೋಗಬಾರದು ಅಂತ ಅಂಗಡಿಯವನು ಒಳಗೊಂದು ಉದ್ದನೆಯ ರಟ್ಟಿನ ಪಟ್ಟಿ ಇಟ್ಟು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ. ಶಾಲೆಗೆ ಹೋಗುವ ಮಾಂಬಳ್ಳಿ ಬಸ್ಸಿನಲ್ಲಿ ಕೂತ ಮೇಲೆ ಬಿಚ್ಚಿ ನೋಡಿದರೆ ರಟ್ಟಿನ ತುಂಬ ಸಾಲು ಸಾಲು ತೂತು. ಮೂಗಿನ ಹತ್ತಿರ ಹಿಡಿದೆ. ಹಳೇ ರಟ್ಟು, ಸೀಮೆಎಣ್ಣೆ, ಒಂದಿಷ್ಟು ರೇಷ್ಮೆ ಗಂಜಿ... ಅದೇ ವಾಸನೆ. ನೆನಪು ಬಂತು ಅಂತ ಬರೀಬೇಕು, ಆದರೆ ನಿಜ ಹೇಳ್ತೀನಿ, ಮೊದಲು ಬಂದದ್ದು ಸಿಟ್ಟು.

ನೇಕಾರರ ಬೀದಿಯಲ್ಲಿ ಹುಟ್ಟದವರಿಗೆ ಆ ತೂತು ಏನು ಅಂತ ಗೊತ್ತಿರಲ್ಲ. ರೇಷ್ಮೆ ಮಗ್ಗದ ತಲೆಯ ಮೇಲೆ ಜಕಾರ್ಡ್ ಅಂತ ಒಂದು ಯಂತ್ರ ಕೂತಿರುತ್ತೆ. ಇಂಥ ರಟ್ಟುಗಳನ್ನು ದಾರದಲ್ಲಿ ಸರದ ಹಾಗೆ ಕಟ್ಟಿ ಅದಕ್ಕೆ ಹಾಕುತ್ತಾರೆ. ರಟ್ಟಿನಲ್ಲಿ ತೂತು ಇದ್ದ ಕಡೆ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಸುಮ್ಮನಿರುತ್ತೆ. ಎಳೆ ಹಾಗೆ ಎದ್ದು ಕೂತು ಮಾಡುವುದರಿಂದಲೇ ಸೆರಗಿನ ಮೇಲೆ ಹಂಸ, ಮಾವಿನಕಾಯಿ, ರುದ್ರಾಕ್ಷಿ ಎಲ್ಲ ಮೂಡುವುದು. ಆ ತೂತು ಹೊಡೆಯುವ ಕೆಲಸ ನಮ್ಮ ಪಕ್ಕದ ಮನೆಯವರದು. ನಂಟಸ್ತಿಕೆ ಏನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ರಟ್ಟಿನ ಮಾವ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವರ ಹೆಂಡತಿ ಅತ್ತೆ. ಅತ್ತೆ ಮಗ್ಗಕ್ಕೆ ಕೂರುವವರು, ಮಾವ ರಟ್ಟು ಹೊಡೆಯುವವರು.

ಮಾವ ಮೊದಲು ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಒಂದು ಚೌಕ ಅಂದರೆ ಒಂದು ಎಳೆ. ಒಂದು ಸಾಲು ಅಂದರೆ ಒಂದು ರಟ್ಟು. ಕೆಂಪು ಪೆನ್ಸಿಲ್ಲಿನಲ್ಲಿ ಚೌಕ ತುಂಬುತ್ತಾ, ತುಟಿಯಲ್ಲೇ ಎಣಿಸುತ್ತಾ ಕೂತರೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಬೈಯುತ್ತಲೂ ಇರಲಿಲ್ಲ. ಮತ್ತೆ ಮೊದಲಿಂದ ಎಣಿಸುತ್ತಿದ್ದರು, ಅಷ್ಟೆ. ನೋಡಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಎಣ್ಸೋದು ಬಿಟ್ರೆ ನಂಗಿನ್ನೇನು ಬತ್ತದವ್ವ," ಅನ್ನುತ್ತಿದ್ದರು. ಓದಿದ್ದು ಐದನೇ ಕ್ಲಾಸು.

ಇದೆಲ್ಲ ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಆಗಲೇ ಊರಿಗೆ ಕಂಪ್ಯೂಟರ್ ಬಂದಾಗಿತ್ತು. ಬಸ್ ಸ್ಟ್ಯಾಂಡ್ ಹಿಂದೆ ಯಾರೋ ಒಂದು ಮಿಷಿನ್ ತಂದು ಹಾಕಿ, ಚಿತ್ರ ಕೊಟ್ಟರೆ ಸಾಯಂಕಾಲದೊಳಗೆ ರಟ್ಟಿನ ಸರ ಕೊಡುತ್ತಿದ್ದರು. ಮಾವನ ಕೈಲಿ ಹದಿನೈದು ದಿನ ಹಿಡಿಯುತ್ತಿದ್ದ ಕೆಲಸ. ಅವರ ಮನೆಯ ನಡುಮನೆಯಲ್ಲಿದ್ದ ಕಬ್ಬಿಣದ ತೂತಿನ ಯಂತ್ರ ವಾರಗಟ್ಟಲೆ ಸುಮ್ಮನೆ ಕೂರತೊಡಗಿತು. ಅದರ ಮೇಲೆ ಅತ್ತೆ ಬಟ್ಟೆ ಒಣಗಹಾಕಿದ್ದನ್ನೂ ನೋಡಿದ್ದೆ.

ಆ ಹೊತ್ತಿಗೆ ಮೈಸೂರಿನ ಒಬ್ಬ ವ್ಯಾಪಾರಿ ಬಂದ. ಅವನಿಗೆ ನೈಜೀರಿಯಾ ದೇಶದ ಗಿರಾಕಿಗಳು ಇದ್ದರಂತೆ. ಗೋಡೆಗೆ ತೂಗುಹಾಕಲು ಆ ದೇಶದ ನಕ್ಷೆಯನ್ನೇ ರೇಷ್ಮೆಯಲ್ಲಿ ನೇಯ್ದು ಕೊಡಬೇಕಂತೆ. ಮೂವತ್ತಾರು ರಾಜ್ಯದ ಗಡಿಗೆರೆ ಬಿಳಿ, ನೆಲ ಹಸಿರು, ಅದರಲ್ಲಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡವು ಐದು ರಾಜ್ಯ ಮಾತ್ರ ಜರಿಯಲ್ಲಿ. ಯಾಕೆ ಐದು ಅಂತ ಕೇಳಿದರೆ ಗಿರಾಕಿ ಹಂಗಂದರು ಅಂದನಂತೆ. ಇದು ಚೆನ್ನಾಗಿ ಬಂದರೆ ಆಮೇಲೆ ಒಂದೊಂದು ರಾಜ್ಯದ್ದೂ ಬೇರೆ ಬೇರೆ ವಸ್ತ್ರ, ಎಲ್ಲವೂ ಮಾವನಿಗೇ. ಮೂವತ್ತಾರು ರಾಜ್ಯ ಅಂದರೆ ಯಂತ್ರ ವರ್ಷಗಟ್ಟಲೆ ನಿಲ್ಲುವ ಹಾಗಿಲ್ಲ.

ಮಾವ ಅವತ್ತೇ ನಮ್ಮ ಮನೆಗೆ ಬಂದರು. ನಾನಾಗ ಲೊಕ್ಕನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಭೂಗೋಳದಲ್ಲಿ ಎಂ.ಎ. ಮಾಡಿದ್ದೀನಿ ಅಂತ ಬೀದಿಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದ ಕಾಲ.

"ಅವ್ವಾ, ಇದೊಂದು ಆಗೋದ್ರೆ ಮಿಷಿನ್ ಉಳ್ಕತದೆ. ಇಲ್ದಿದ್ರೆ ಗುಜರಿಗೆ ಓಯ್ತದೆ. ದೊಡ್ಡ ರಾಜ್ಯ ಯಾವ್ಯಾವು ಅಂತ ನೀನು ಬರ್ಕೊಡು, ಮಿಕ್ಕಿದ್ದು ನಂಗಿರ್ಲಿ," ಅಂದರು.

ಬರೆದುಕೊಟ್ಟೆ. ನೈಜರ್, ಬೋರ್ನೋ, ತರಾಬಾ, ಕಡುನಾ, ಬೌಚಿ. ಅಟ್ಲಾಸಿನ ಪುಟವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿದೆವು. ದೇಶದ ಹೆಸರೂ ರಾಜ್ಯದ ಹೆಸರೂ ಹೆಚ್ಚುಕಮ್ಮಿ ಒಂದೇ ಅಂತ ಮಾವನಿಗೆ ಮೊದಲು ಗೊಂದಲ. ನೈಜರ್ ಅನ್ನೋದು ನೈಜೀರಿಯಾದ ಒಳಗಿರುವ ಒಂದು ರಾಜ್ಯ, ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು, ಜನ ಮಾತ್ರ ಅಷ್ಟಿಲ್ಲ ಅಂತ ಬಿಡಿಸಿ ಹೇಳಿದೆ.

"ಅಂಗಾರೆ ನಮ್ಮ ಅನೂರು ಸೀಮೆ ಇದ್ದಂಗನ್ನು. ನೆಲ ಬೇಕಾದಷ್ಟು, ಅದ್ರಲ್ಲಿ ಅರ್ಧ ಕಾಡು. ಈ ಚೋಟುದ್ದದ್ದು ಯಾವ್ದು?"

"ಲಾಗೋಸ್. ಎಲ್ಲಕ್ಕಿಂತ ಪುಟ್ಟದು. ಆದ್ರೆ ಊರಿಗೆಲ್ಲ ಗೊತ್ತಿರೋದು ಅದೇ."

"ಅಂಗಾರೆ ಅದು ಯಳಂದೂರು, ನಮ್ಮ ಕಡೆ ಎಲ್ಲಕ್ಕಿಂತ ಪುಟ್ಟ ತಾಲ್ಲೂಕು," ಅಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರು. ಮಾವನಿಗೆ ದೇಶ ಅರ್ಥವಾಗಿಬಿಟ್ಟಿತು. ಈಗಿನ ನನ್ನ ಶಾಲೆಯ ಮಕ್ಕಳಿಗೆ ಒಂದು ವರ್ಷ ಹೇಳಿಕೊಟ್ಟರೂ ಇಷ್ಟು ಅರ್ಥವಾಗಲ್ಲ.

ತೊಂದರೆ ಶುರುವಾದದ್ದು ಐದನೇ ರಾಜ್ಯದ ಹತ್ತಿರ. ನನ್ನ ಹತ್ತಿರ ಇದ್ದ ಪುಸ್ತಕದಲ್ಲಿ ಬೌಚಿ ಐದನೆಯದು. ಶಾಲೆಯ ಇನ್ನೊಂದು ಪುಸ್ತಕದಲ್ಲಿ ಯೋಬೆ. ಎರಡೂ ಅಕ್ಕಪಕ್ಕದ ರಾಜ್ಯಗಳು, ವಿಸ್ತೀರ್ಣದಲ್ಲಿ ಅಂಥ ವ್ಯತ್ಯಾಸ ಏನೂ ಇಲ್ಲ. ಬೌಚಿ ಹಾಕಿ ಮುಗಿಸಿ ಅಂದೆ. ಮಾವ ಕೇಳಬೇಕಲ್ಲ! ಗ್ರಾಫ್ ಹಾಳೆಯ ಮೇಲೆ ಎರಡು ರಾಜ್ಯದ ಚೌಕಗಳನ್ನೂ ಎಣಿಸಲು ಕೂತರು. ಗಡಿಯಲ್ಲಿ ತುಂಡಾದ ಚೌಕಗಳನ್ನು ಅರ್ಧ ಅರ್ಧ ಸೇರಿಸಿ ಒಂದು ಅಂತ ಗುರುತು ಹಾಕುತ್ತಾ ಎರಡು ದಿನ ಎಣಿಸಿದರು.

"ಮಾವ, ಪುಸ್ತಕದಲ್ಲಿ ಬರೆದಿರೋದನ್ನ ನೀವೇನು ಮತ್ತೆ ಎಣಿಸೋದು?" ಅಂತ ರೇಗಿದೆ.

"ಪುಸ್ತಕ ಬರ್ದೋನು ಎಣಿಸಿದ್ನಾ?" ಅಂದರು.

ಮೂರನೇ ದಿನ ಬೌಚಿಯೇ ಒಂದು ಕೈ ಮೇಲು ಅಂತ ತೀರ್ಮಾನ ಕೊಟ್ಟರು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಆದರೂ ಅವರು ಕೊಟ್ಟ ತೀರ್ಮಾನ ನನ್ನ ಪುಸ್ತಕಕ್ಕೆ ಹೊಂದಿತು ಅಂತ ಒಳಗೊಳಗೇ ನನಗೆ ಖುಷಿ. ನಾನೇ ಗೆದ್ದ ಹಾಗೆ ಅಮ್ಮನ ಹತ್ತಿರ ಹೇಳಿಕೊಂಡೆ.

ರಟ್ಟು ಹೊಡೆದು ಮುಗಿಯುವಾಗ ತಿಂಗಳಾಯಿತು. ಆ ತಿಂಗಳೆಲ್ಲ ಗೋಡೆಯ ಆಚೆಯಿಂದ ಟಕ್ ಟಕ್ ಶಬ್ದ. ಉತ್ತರ ಪತ್ರಿಕೆ ತಿದ್ದಲು ಆಗುತ್ತಿಲ್ಲ ಅಂತ ನಾನು ಗೊಣಗಿದ್ದೂ ಉಂಟು. ಆಮೇಲೆ ಅತ್ತೆ ಮಗ್ಗಕ್ಕೆ ಕೂತರು.

ಇಲ್ಲೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಆಮೇಲಿನದು ಅರ್ಥವಾಗಲ್ಲ. ನಮ್ಮಲ್ಲಿ ಜರಿಯ ಬಟ್ಟೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ. ಮುಖ ಮೇಲಿದ್ದರೆ ಧೂಳು ಕೂರುತ್ತೆ, ಕೈಯ ಬೆವರು ತಾಗುತ್ತೆ ಅಂತ. ನೇಯುವವರಿಗೆ ಕಾಣುವುದು ಬಟ್ಟೆಯ ಬೆನ್ನು. ಮುಖ ಹೇಗೆ ಬರುತ್ತಿದೆ ಅಂತ ನೋಡಬೇಕಾದರೆ ಕೆಳಗೊಂದು ಕನ್ನಡಿ ಹಿಡಿಯಬೇಕು. ಅಜ್ಜನ ಕಾಲದಿಂದ ಎಲ್ಲರೂ ಮಾಡುವುದು ಹೀಗೇ.

ನಮ್ಮ ನಕ್ಷೆಗೆ ಕನ್ನಡಿ ಹಿಡಿಯುತ್ತಿದ್ದವಳು ನಾನು. ಅತ್ತೆಯ ಮುಖ ನೋಡುವ ಕನ್ನಡಿ, ಅಂಚಿಗೆ ನಾಲ್ಕೈದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಶಾಲೆ ಮುಗಿಸಿ ಬಂದರೆ ನೆಲಕ್ಕೆ ಬೋರಲು ಮಲಗಿ, ಬಟ್ಟೆಯ ಕೆಳಗೆ ಕನ್ನಡಿ ತೂರಿಸಿ, ಜೆರಾಕ್ಸ್ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ನೋಡುತ್ತಿದ್ದೆ. ಸಮುದ್ರದ ಕಡೆಯಿಂದ ನೇಯ್ಗೆ ಶುರುವಾಗಿತ್ತು. ಎಡಗಡೆ ಕೆಳಗೆ ಲಾಗೋಸ್ ಬಂತು. ಬಲಕ್ಕೆ ತರಾಬಾ ಬಂತು. ಎಡಕ್ಕೆ ನೈಜರ್ ಜರಿಯಲ್ಲಿ ಹೊಳೆಯಿತು. ಕೊನೆಗೆ ಬಲಗಡೆ ಮೇಲೆ, ಮೂಲೆಯಲ್ಲಿ, ಬೋರ್ನೋ. ಎಲ್ಲವೂ ಹಾಳೆಯಲ್ಲಿ ಇದ್ದ ಹಾಗೇ.

"ಸರ್ಯಾಗದಾ ಅವ್ವ?" ಅಂತ ಮಾವ ಪ್ರತಿಸಲ ಕೇಳುತ್ತಿದ್ದರು.

"ಸರಿಯಾಗಿದೆ ಮಾವ. ಎಷ್ಟು ಸಲ ಹೇಳೋದು!"

ವ್ಯಾಪಾರಿಯ ಎದುರಿಗೇ ಬಟ್ಟೆ ಇಳಿಸಬೇಕು ಅಂತ ಮಾವನ ಆಸೆ. ಅವನು ಬಂದ ದಿನ ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಅತ್ತೆ ಕೈ ಮುಗಿದು, ಮಾವ ಕತ್ತರಿ ಹಾಕಿದರು. ಬಟ್ಟೆಯನ್ನು ಮಗುಚಿ ಮಂಚದ ಮೇಲೆ ಹಾಸಿದರು. ಹಸಿರಿನ ಮೇಲೆ ಐದು ಜರಿಯ ರಾಜ್ಯ... ಆ ಚಂದ ನಾನು ಬರೆದು ಹೇಳಲಾರೆ. ವ್ಯಾಪಾರಿ ಕೂಡ ಬಗ್ಗಿ ಜರಿಯ ಮೇಲೆ ಕೈಯಾಡಿಸಿದ. ಆಮೇಲೆ ಮೊಬೈಲು ತೆಗೆದು ನಕ್ಷೆ ನೋಡಿದ. ಬಟ್ಟೆ ನೋಡಿದ. ಮತ್ತೆ ಮೊಬೈಲು ನೋಡಿದ.

"ಏನ್ರೀ ಇದು, ದೇಶವೇ ಉಲ್ಟಾ ಆಗಿದೆಯಲ್ರೀ," ಅಂದ.

ಬೋರ್ನೋ ಎಡಗಡೆ ಮೇಲೆ ಕೂತಿತ್ತು. ಲಾಗೋಸ್ ಬಲಗಡೆ ಕೆಳಗೆ. ಪೂರ್ವದ್ದೆಲ್ಲ ಪಶ್ಚಿಮಕ್ಕೆ, ಪಶ್ಚಿಮದ್ದೆಲ್ಲ ಪೂರ್ವಕ್ಕೆ.

ಹಾಳೆಯಲ್ಲಿದ್ದ ಹಾಗೇ ರಟ್ಟು ಹೊಡೆದದ್ದರಿಂದ ನಕ್ಷೆ ನೆಟ್ಟಗೆ ಬಂದದ್ದು ಬಟ್ಟೆಯ ಬೆನ್ನಿಗೆ. ಬೆನ್ನಿನ ಕಡೆಯಿಂದ ಸರಿಯಾಗಿ ಕಂಡದ್ದು ಮುಖದ ಕಡೆಯಿಂದ ತಿರುಗಿಯೇ ಇರಬೇಕಲ್ಲವೇ? ಕನ್ನಡಿಯಾದರೂ ಹೇಳಬೇಕಿತ್ತು. ಆದರೆ ಕನ್ನಡಿಗೆ ಬರುವ ಕೆಲಸ ಒಂದೇ, ಎಡವನ್ನು ಬಲ ಮಾಡುವುದು. ತಿರುಗಿದ ದೇಶವನ್ನು ಅದು ಇನ್ನೊಂದು ಸಲ ತಿರುಗಿಸಿ, ನೆಟ್ಟಗೆ ಮಾಡಿ ನನಗೆ ತೋರಿಸಿತ್ತು. ಮಾವ ನಲವತ್ತು ವರ್ಷ ರಟ್ಟು ಹೊಡೆದವರು, ಅವರಿಗೆ ಯಾಕೆ ಹೊಳೆಯಲಿಲ್ಲ ಅಂದರೆ, ಹಂಸ ಎಡಕ್ಕೆ ನೋಡಿದರೂ ಹಂಸವೇ, ಬಲಕ್ಕೆ ನೋಡಿದರೂ ಹಂಸವೇ. ಮಾವಿನಕಾಯಿ ಯಾವ ಕಡೆ ಬಾಗಿದರೆ ಯಾರು ಕೇಳುತ್ತಾರೆ? ಎಡ ಬಲ ಗೊತ್ತಿರಬೇಕಾದ ಚಿತ್ರವನ್ನು ನಮ್ಮ ಬೀದಿಯಲ್ಲಿ ಯಾರೂ ಅದುವರೆಗೆ ನೇಯ್ದೇ ಇರಲಿಲ್ಲ. ಸರಿ, ಅವರಿಗೆ ಹೊಳೆಯಲಿಲ್ಲ. ಭೂಗೋಳ ಓದಿದ ನನಗೆ? ಬೌಚಿಯೋ ಯೋಬೆಯೋ ಅಂತ ಮೂರು ದಿನ ಜಗಳ ಆಡಿದವಳು, ಪೂರ್ವ ಯಾವ ಕಡೆ ಅಂತ ಒಂದು ಗಳಿಗೆ ಕೂತು ಯೋಚಿಸಲಿಲ್ಲ. ಈಗಲೂ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಮಾವ ಬಟ್ಟೆಯ ಅಂಚನ್ನು ಎತ್ತಿ ಬೆನ್ನು ನೋಡಿದರು. ಅವರಿಗೆ ಆಗಲೇ ಗೊತ್ತಾಗಿಹೋಗಿತ್ತು.

"ಸಾ, ಇದೇನೂ ದೊಡ್ದಲ್ಲ. ರಟ್ಟುಗಳ್ನೆಲ್ಲ ಒಂದ್ಸಲ ಮಗುಚಿ ಆಕುದ್ರೆ ಸರೋಯ್ತದೆ. ಒಸಾದು ಒಡೆಯೋದೇ ಬೇಡ. ಎಂಟು ದಿನ ಕೊಡಿ ಸಾ," ಅಂದರು.

ವ್ಯಾಪಾರಿ ಕೆಟ್ಟವನಲ್ಲ. ಯೋಚನೆ ಮಾಡಿದ. ಆಮೇಲೆ ಕೇಳಿದ, "ಓದಿದೋರು ಯಾರಾದ್ರೂ ಒಬ್ಬರು ಇದನ್ನ ಮೊದಲಿಂದ ನೋಡಿದ್ದಾರೇನ್ರಿ?"

ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾವ ನನ್ನ ಕಡೆ ತಿರುಗಲಿಲ್ಲ.

"ಇಲ್ಲ ಸಾ. ನಾನೊಬ್ನೇ ನೋಡ್ದೋನು."

"ಅದಕ್ಕೇ ಹಿಂಗಾಗಿರೋದು. ಒಬ್ಬ ಮೇಷ್ಟ್ರೋ ಯಾರೋ ಪಕ್ಕದಲ್ಲಿ ಇದ್ದಿದ್ರೆ ಧೈರ್ಯವಾಗಿ ಇನ್ನೊಂದು ಸಲ ಕೊಡ್ತಿದ್ದೆ. ಈಗ ದಿಕ್ಕು ತಪ್ಪಿದೆ ಅಂತ ನನಗೆ ಗೊತ್ತಾಯ್ತು. ಆ ಐದು ರಾಜ್ಯ ಸರಿಯಿದೆಯೋ ಇಲ್ಲವೋ, ಗಡಿ ಸರಿಯಿದೆಯೋ ಇಲ್ಲವೋ, ನಾನು ಹೇಗ್ರೀ ನಂಬಲಿ?"

ಆಗ ಅತ್ತೆ ನನ್ನ ಮುಖ ನೋಡಿದರು. ಒಂದೇ ಸಲ.

ನಾನು ಹೇಳಬೇಕಾಗಿದ್ದು ಎರಡು ಮಾತು. ನಾನು ನೋಡಿದ್ದೀನಿ, ನಾನು ಭೂಗೋಳದ ಟೀಚರ್, ದಿಕ್ಕೊಂದು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಿದೆ ಅಂತ. ಅಷ್ಟು ಹೇಳಿದ್ದರೆ ಅವನು ಎಂಟು ದಿನ ಕೊಡುತ್ತಿದ್ದ. ಕೊಟ್ಟೇ ಕೊಡುತ್ತಿದ್ದ ಅಂತ ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಅಷ್ಟು ಹೇಳಿದರೆ, ಭೂಗೋಳದ ಟೀಚರಮ್ಮನಿಗೆ ಪೂರ್ವ ಪಶ್ಚಿಮ ಗೊತ್ತಿಲ್ಲ ಅನ್ನೋದು ಸಂಜೆಯೊಳಗೆ ಬೀದಿಯಲ್ಲಿ, ನಾಳೆಯೊಳಗೆ ಲೊಕ್ಕನಹಳ್ಳಿಯ ಸ್ಟಾಫ್ ರೂಮಿನಲ್ಲಿ. ನಾನು ಬಾಯಿ ಬಿಡಲಿಲ್ಲ. ಮಾವನೇ ಇಲ್ಲ ಅಂದ ಮೇಲೆ ನಾನು ಯಾಕೆ ಮಧ್ಯೆ ಬಾಯಿ ಹಾಕಲಿ ಅಂತ ಒಂದು ನೆವವೂ ಸಿಕ್ಕಿತು. ವ್ಯಾಪಾರಿ ಬಟ್ಟೆಯನ್ನು ಅಲ್ಲೇ ಬಿಟ್ಟು ಕಾರು ಹತ್ತಿದ.

ಮಾವ ಮಾರನೇ ದಿನವೇ ರಟ್ಟಿನ ಸರವನ್ನು ಬಿಚ್ಚಿ ಮಗುಚಿ ಕಟ್ಟಿದರು. ಮಗ್ಗದಲ್ಲಿ ಉಳಿದಿದ್ದ ಎಳೆಯಲ್ಲಿ ಅತ್ತೆ ಒಂದು ಗೇಣು ನೇಯ್ದರು. ಸಮುದ್ರದ ತೀರ ಮಾತ್ರ ಬಂತು. ಕತ್ತರಿಸಿ ತಿರುಗಿಸಿದರೆ ಲಾಗೋಸ್ ಎಡಗಡೆ, ಇರಬೇಕಾದ ಜಾಗದಲ್ಲಿ. ಫೋನ್ ಮಾಡಿದರು. ವ್ಯಾಪಾರಿ ಆಗಲೇ ಬೇರೆ ಊರಿನಲ್ಲಿ ಕಂಪ್ಯೂಟರ್ ಇದ್ದವರಿಗೆ ಕೊಟ್ಟಾಗಿತ್ತಂತೆ. ಎರಡೇ ದಿನದ ತಡ.

ಯಂತ್ರ ಗುಜರಿಗೆ ಹೋಯಿತು. ತಳ್ಳುಗಾಡಿಯ ಮೇಲೆ ಹೇರುವಾಗ ಬೀದಿಯವರೆಲ್ಲ ಕೈ ಕೊಟ್ಟರು. ನಾನು ಶಾಲೆಗೆ ಹೊತ್ತಾಯಿತು ಅಂತ ಬೇಗ ಹೊರಟುಬಿಟ್ಟೆ. ಮಾವ ಆಮೇಲೆ ಒಂದು ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ನೋಡಿ ಬಿಸಾಕಿದ ಸೀರೆಗಳನ್ನು ಮಡಿಸುವ ಕೆಲಸಕ್ಕೆ ಸೇರಿದರು. ಎಷ್ಟೋ ಸೀರೆಯ ಸೆರಗಿನಲ್ಲಿ ಅವರೇ ಎಣಿಸಿದ ಹಂಸ ಇದ್ದಿರಬೇಕು.

ಅವರು ನನ್ನನ್ನು ಒಂದು ದಿನವಾದರೂ ಬೈದಿದ್ದರೆ! ಒಂದು ಸಲ ಮುಖ ತಿರುಗಿಸಿಕೊಂಡು ಹೋಗಿದ್ದರೂ ಆಗುತ್ತಿತ್ತು. ಇಲ್ಲ. ಎದುರಿಗೆ ಸಿಕ್ಕಿದಾಗೆಲ್ಲ ನಕ್ಕು, "ಏನವ್ವ, ಬೌಚಿ ಯೋಬೆ ಪಂಚಾಯ್ತಿ ತೀರ್ತಾ?" ಅನ್ನುತ್ತಿದ್ದರು. ನನಗೆ ಕೆಲಸ ಕಾಯಂ ಆದಾಗ ಅರ್ಧ ಕೆಜಿ ಮೈಸೂರುಪಾಕ್ ತಂದುಕೊಟ್ಟವರು ಅವರೇ. ಯಾಕೆ ಮಾವ ಇಲ್ಲ ಅಂದಿರಿ, ಯಾಕೆ ನನ್ನ ಹೆಸರು ಹೇಳಲಿಲ್ಲ ಅಂತ ಕೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು. ಕೇಳಲಿಲ್ಲ. ನಾಳೆ, ನಾಳಿದ್ದು, ಹಬ್ಬ ಕಳೀಲಿ... ಎರಡು ವರ್ಷದ ಹಿಂದೆ ಕಾಮಾಲೆ ಆಗಿ ಮಾವ ಹೋಗಿಬಿಟ್ಟರು. ಬೈಯಬೇಕಾಗಿದ್ದವರು ಬೈಯದೇ ಹೋದರು, ಇನ್ನು ಆ ಬೈಗುಳಕ್ಕೆ ನಾನು ಎಲ್ಲಿಗೆ ಹೋಗಲಿ?

ಆ ರಟ್ಟು ಸಿಕ್ಕ ದಿನ ಸಂಜೆ, ಶಾಲೆ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ಪಕ್ಕದ ಮನೆಗೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಕಣ್ಣು ಮಂಜಾಗಿದೆ, ಮಗ್ಗ ಬಿಟ್ಟು ನಾಲ್ಕು ವರ್ಷವಾಯಿತು. ಅವರ ಪಕ್ಕದಲ್ಲಿ ಕೂತೆ. ಶಾಲೆಯ ಮಾತು, ಬಸ್ಸಿನ ಮಾತು, ಸೊಪ್ಪಿಗೆ ಹುಳ ಬಿದ್ದ ಮಾತು ಎಲ್ಲ ಆಯಿತು. ಆಮೇಲೆ ಹೇಳಿದೆ.

"ಅತ್ತೆ, ಅವತ್ತು ಆ ವ್ಯಾಪಾರಿ ಕೇಳಿದಾಗ ನಾನು ಬಾಯಿ ಬಿಡಬೇಕಿತ್ತು."

ಯಾವತ್ತು, ಯಾವ ವ್ಯಾಪಾರಿ ಅಂತ ಅವರು ಕೇಳಲಿಲ್ಲ. ಹೋಗ್ಲಿ ಬಿಡವ್ವ, ಆಗಿದ್ದಾಯ್ತು, ಅಂತಾರೆ ಅಂದುಕೊಂಡಿದ್ದೆ. ಯಾರಾದರೂ ಅದನ್ನೇ ಅನ್ನೋದು. ಆ ಮಾತು ಕೇಳಿಸಿಕೊಂಡು ಎದ್ದು ಬರೋಣ ಅಂತಲೇ ನಾನು ಹೋಗಿದ್ದೆನೋ ಏನೋ.

"ಊಂ ಕಣವ್ವ," ಅಂದರು ಅತ್ತೆ. "ಬಿಡ್ಬೇಕಿತ್ತು."